ಘಟ್ಟ ಎಂದರೆ ಯಾವ ಘಟ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ಊರ ಹೆಸರುಗಳ ಬಗ್ಗೆ ಮಾತನಾಡಲು ಎಲ್ಲಿಗೆ ಹೋದರೂ ಕೊನೆಗೆ ಯಾರಾದರೊಬ್ಬರು ಎದ್ದು ನಿಂತು ಘಟ್ಟದ ವಿಷಯ ತೆಗೆಯುತ್ತಾರೆ. ಕಾಗದ ಬರೆಯುವವರೂ ಅದನ್ನೇ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರೂ ಅದನ್ನೇ ಕೇಳುತ್ತಾರೆ. ಹತ್ತಾರು ಸಲ ಹೇಳಿದ್ದನ್ನು ಒಂದು ಕಡೆ ಬರೆದಿಟ್ಟರೆ ನನಗೂ ಊಟ ಆರುವ ಮುಂಚೆ ಮುಗಿಸಲು ಸಾಧ್ಯವಾದೀತು ಎಂದು ಇದನ್ನು ಜೋಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸಿಟ್ಟಿನಿಂದ ಕೇಳಿದವರದ್ದನ್ನು ಮಾತ್ರ ಸ್ವಲ್ಪ ತಣಿಸಿದ್ದೇನೆ.

## ಮೊದಲಿಗೆ

ಘಟ್ಟ ಎಂದರೆ ಬೆಟ್ಟ ಎಂದು ಶಾಲೆಯಲ್ಲಿ ಕಲಿತೆ. ಧರ್ಮಸ್ಥಳದಲ್ಲಿ ನೇತ್ರಾವತಿ ಸ್ನಾನಘಟ್ಟ ಎನ್ನುತ್ತಾರೆ. ಅಲ್ಲಿ ಇರುವುದು ನದಿ, ಬೆಟ್ಟ ಎಲ್ಲಿದೆ?

ಶಾಲೆಯಲ್ಲಿ ಕಲಿತದ್ದು ಅರ್ಧ. ಕನ್ನಡದಲ್ಲಿ ಘಟ್ಟಕ್ಕೆ ಮೂರು ಅರ್ಥಗಳು ಈಗಲೂ ಚಲಾವಣೆಯಲ್ಲಿವೆ. ಹೊಳೆಗೋ ಕೆರೆಗೋ ಇಳಿಯುವ ಜಾಗ ಒಂದು. ದೋಣಿ ಬಂದು ನಿಲ್ಲುವುದು, ಜನ ಮೀಯುವುದು, ಬಟ್ಟೆ ಒಗೆಯುವುದು ಎಲ್ಲ ಅಲ್ಲೇ. ಬೆಟ್ಟದ ಸಾಲನ್ನು ಹತ್ತಿ ಇಳಿಯುವ ದಾರಿ ಇನ್ನೊಂದು. ಕೆಲಸದ ಹಂತ ಮೂರನೆಯದು: ‘ಮಾತುಕತೆ ಕೊನೆಯ ಘಟ್ಟ ತಲುಪಿದೆ’ ಎನ್ನುತ್ತೇವಲ್ಲ, ಅದು. ನೇತ್ರಾವತಿಯಲ್ಲೂ ಸುಬ್ರಹ್ಮಣ್ಯದ ಕುಮಾರಧಾರೆಯಲ್ಲೂ ನೀವು ಇಳಿದದ್ದು ಮೊದಲನೆಯ ಘಟ್ಟಕ್ಕೆ. ಆ ಊರಿಗೆ ಬರಲು ಬಸ್ಸಿನಲ್ಲಿ ಇಳಿದದ್ದು ಎರಡನೆಯದನ್ನು.

ಕಲ್ಲಿನ ಮೆಟ್ಟಿಲು ಇದ್ದರೆ ಮಾತ್ರ ಘಟ್ಟ ಎನ್ನಬೇಕೇ?

ಇಲ್ಲ. ಕಾಶಿಯ ಚಿತ್ರಗಳನ್ನು ನೋಡಿ ನೋಡಿ ಹುಟ್ಟಿದ ಭ್ರಮೆ ಇದು. ನಮ್ಮ ಊರ ಹೊಳೆಯ ಘಟ್ಟಕ್ಕೆ ಕಲ್ಲು ಕೂರಿಸಿದ್ದು ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ದನಗಳು ತುಳಿದು ತುಳಿದು ಇಳಿಜಾರಾಗಿದ್ದ ಕೆಮ್ಮಣ್ಣಿನ ದಂಡೆ, ಒಗೆಯುವ ಕಲ್ಲು ಒಂದು, ದೋಣಿಯ ಹಗ್ಗ ಸುತ್ತಲು ಒಂದು ಮರದ ಬುಡ. ಹಗ್ಗ ಉಜ್ಜಿ ಉಜ್ಜಿ ಆ ಬುಡಕ್ಕೆ ಸೊಂಟ ಬಂದಿತ್ತು. ಆಗಲೂ ಅದು ಘಟ್ಟವೇ ಆಗಿತ್ತು. ಕಲ್ಲು ಕೂರಿಸಿದವರು ಘಟ್ಟಕ್ಕೆ ಮೆಟ್ಟಿಲು ಕಟ್ಟಿದರು, ಹೊಸದಾಗಿ ಘಟ್ಟವನ್ನು ಮಾಡಲಿಲ್ಲ. ನೀರಿಗೆ ಹೆದರದೆ ಇಳಿಯಬಹುದಾದ ಜಾಗ ಎಂದು ಜನ ಒಪ್ಪಿಕೊಂಡದ್ದೇ ಘಟ್ಟ. ಉಳಿದ ದಂಡೆಯೆಲ್ಲ ಬರೀ ದಂಡೆ.

ಘಟ್ಟ, ಘಾಟ್, ಘಾಟಿ: ಯಾವುದು ಸರಿ?

ಮೂರೂ ಸರಿ, ಒಂದೇ ಬಳ್ಳಿಯವು. ಘಟ್ಟ ನಮ್ಮಲ್ಲಿ ಹಳೆಯದು. ಘಾಟ್ ಹಿಂದಿ ಮತ್ತು ಬಂಗಾಳಿಯ ರೂಪ. ಕಾಶಿ, ಹರಿದ್ವಾರದ ಸುದ್ದಿ ಬರೆಯುವಾಗ ಹಾಗೇ ಬರೆಯುವುದು ವಾಡಿಕೆ. ಘಾಟಿಯನ್ನು ನಾವು ಬೆಟ್ಟದ ದಾರಿಗೆ ಮೀಸಲಿಟ್ಟಿದ್ದೇವೆ: ಆಗುಂಬೆ ಘಾಟಿ, ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ. ಸ್ನಾನಘಾಟಿ ಎಂದು ಯಾರೂ ಅನ್ನುವುದಿಲ್ಲ, ಅಂದರೆ ನಗುತ್ತಾರೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ಮೂಗಿಗೆ ಏರುವ ಘಾಟು ಬೇರೆಯೇ ಪದ, ಅದನ್ನು ಇದಕ್ಕೆ ಕಟ್ಟಬೇಡಿ.

ನಮ್ಮ ಕಡೆ ಹೊಳೆಬದಿಗೆ ಯಾರೂ ಘಟ್ಟ ಎನ್ನುವುದಿಲ್ಲ, ಕಡವು ಎನ್ನುತ್ತೇವೆ. ನಾವು ಹೇಳುವುದು ತಪ್ಪೇ?

ತಪ್ಪಲ್ಲ, ನಿಮ್ಮದೇ ಚೊಕ್ಕ ಪದ. ಕರಾವಳಿಯಲ್ಲಿ ಘಟ್ಟ ಎಂದರೆ ಮೂಡಣ ದಿಕ್ಕಿನ ಬೆಟ್ಟಸಾಲೇ ಮೊದಲು ನೆನಪಾಗುವುದು. ಹಾಗಾಗಿ ದೋಣಿಯಲ್ಲಿ ಹೊಳೆ ದಾಟುವ ಜಾಗಕ್ಕೆ ಅಲ್ಲಿ ಬೇರೆ ಪದ ಬೇಕಾಯಿತು. ಕಡವು ಎಂದರೆ ದಾಟುವ ಜಾಗ. ತುಳುವಿನಲ್ಲಿ ಕಡಪುನಿ ಎಂದರೆ ದಾಟುವುದು, ತಮಿಳಿನಲ್ಲಿ ಕಡ ಎಂದರೂ ಅದೇ, ಮಲಯಾಳದಲ್ಲಿ ದೋಣಿ ನಿಲ್ಲುವ ಜಾಗ ಇಂದಿಗೂ ಕಡವ್.

ಮಲೆನಾಡಿನಲ್ಲಿ ಇನ್ನೊಂದು ಚಂದದ ಪದ ಇದೆ, ಹೊಳೆಬಾಗಿಲು. ಹೊಳೆಗೆ ಎಲ್ಲ ಕಡೆಯೂ ದಂಡೆ ಇರುತ್ತದೆ, ಬಾಗಿಲು ಇರುವುದು ಒಂದೋ ಎರಡೋ ಕಡೆ. ಪದ ಕಟ್ಟಿದವನು ಹೊಳೆಯನ್ನು ಮನೆಯಂತೆ ನೋಡಿದ್ದಾನೆ. ಘಟ್ಟಕ್ಕಿಂತ ಇದೇ ನನಗೆ ಹೆಚ್ಚು ಇಷ್ಟ ಎಂದು ಹೇಳಿದರೆ ಈ ಬರಹದ ತಲೆಬರಹಕ್ಕೆ ದ್ರೋಹವಾದೀತು, ಆದರೂ ಹೇಳುತ್ತೇನೆ.

ರೇವು, ಬಂದರು ಇವೆಲ್ಲ ಘಟ್ಟದ ದೊಡ್ಡಣ್ಣಂದಿರೇ?

ಕೆಲಸದಲ್ಲಿ ಹೌದು, ಹುಟ್ಟಿನಲ್ಲಿ ಅಲ್ಲ. ರೇವು ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ನಮ್ಮಲ್ಲಿ ಅದು ‘ರೇವುಪಟ್ಟಣ’ ಎಂದು ಪಠ್ಯಪುಸ್ತಕ ಸೇರಿ ಸಮುದ್ರಕ್ಕೆ ಹೋಯಿತು. ತೆಲುಗಿನವರು ಅಗಸರು ಬಟ್ಟೆ ಒಗೆಯುವ ಜಾಗವನ್ನು ಚಾಕಿರೇವು ಎಂದು ಈಗಲೂ ಕರೆಯುತ್ತಾರೆ. ಬಂದರು ಪಾರಸಿಯ ಬಂದರ್. ಇರಾನಿನ ಬಂದರ್ ಅಬ್ಬಾಸಿನಲ್ಲಿ ಇರುವ ಬಂದರೂ ಮಂಗಳೂರಿನ ಹಳೆಯ ಪೇಟೆಯ ಬಂದರೂ ಒಂದೇ ಪದ. ಅರಬ್ಬಿ ಸಮುದ್ರದ ವ್ಯಾಪಾರಿಗಳ ಜೊತೆಯಲ್ಲಿ ಹಡಗಿನಲ್ಲೇ ಬಂದಿಳಿದ ಪದ ಎನ್ನಬಹುದು.

ಮಂಗಳೂರಿನಲ್ಲಿ ‘ಧಕ್ಕೆಗೆ ಹೋಗಿ ಮೀನು ತರುತ್ತೇನೆ’ ಎಂದರು. ಗೌರವಕ್ಕೆ ಬರುವ ಧಕ್ಕೆ ಗೊತ್ತು, ಮೀನಿನ ಧಕ್ಕೆ ಯಾವುದು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಖುಷಿ. ಮಂಗಳೂರಿನವರ ಧಕ್ಕೆ ಎಂದರೆ ದೋಣಿಗಳು ಬಂದು ತಾಗುವ ಕಟ್ಟೆ. ಮರಾಠಿಯಲ್ಲಿ ಧಕ್ಕಾ ಎಂದರೆ ದೂಡುವುದು, ಗುದ್ದು, ಹಡಗುಕಟ್ಟೆಯೂ ಧಕ್ಕಾವೇ. ಮುಂಬೈಯ ಭಾವೂಚಾ ಧಕ್ಕಾ 19ನೆಯ ಶತಮಾನದಿಂದ ಆ ಹೆಸರು ಹೊತ್ತು ನಿಂತಿದೆ. ಕೊಂಕಣ ಕರಾವಳಿಯುದ್ದಕ್ಕೂ ಓಡಾಡಿದ ದೋಣಿಗಳ ಜೊತೆ ಪದವೂ ತೆಂಕಣಕ್ಕೆ ಬಂದಿರಬೇಕು.

ಬೆಳಗಿನ ಜಾವ ಒಮ್ಮೆ ಹೋಗಿ ನೋಡಿ. ಬೂತಾಯಿ, ಬಂಗುಡೆ ತುಂಬಿದ ಬುಟ್ಟಿಗಳು, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಹರಾಜಿನ ಕೂಗು. ಕಾಲಿಟ್ಟಲ್ಲೆಲ್ಲ ಜಾರುವ ನೀರು. ಇವುಗಳ ನಡುವೆ ಕಟ್ಟೆಯ ಗೋಡೆಗೆ ಇಳಿಬಿಟ್ಟ ಹಳೆಯ ಲಾರಿ ಟೈರುಗಳನ್ನು ಗಮನಿಸಿ. ದೋಣಿ ಬಂದು ಕೊಡುವ ಧಕ್ಕೆಯನ್ನು ಧಕ್ಕೆ ತಾಳಿಕೊಳ್ಳಲಿ ಎಂದು ಕಟ್ಟಿದ್ದು ಅವು. ಪದದ ಎರಡು ಅರ್ಥಗಳ ನಡುವೆ ಇರುವ ದೂರ ಒಂದು ಟೈರಿನಷ್ಟೇ.

## ಮೂಲದ ಕಡೆಗೆ

ಘಟ್ಟ ಸಂಸ್ಕೃತವೋ ಕನ್ನಡವೋ? ಸುತ್ತಿಬಳಸದೆ ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳಿದವರನ್ನು ನಂಬಬೇಡಿ. ಸಂಸ್ಕೃತ ನಿಘಂಟಿನಲ್ಲಿ ಘಟ್ಟ ಇದೆ, ಇಳಿಯುವ ಜಾಗ ಎಂಬ ಅರ್ಥವೂ ಇದೆ. ಆದರೆ ಅದು ಅಲ್ಲಿ ಹಳಬನಲ್ಲ, ತಡವಾಗಿ ಬಂದು ಕುಳಿತ ಅತಿಥಿ.

ಸಂಸ್ಕೃತದ ಒಳಗಿನಿಂದಲೇ ಬಿಡಿಸುವವರು ‘ಘಟ್ಟ್’ ಧಾತುವನ್ನು ತೋರಿಸುತ್ತಾರೆ. ತಾಗು, ಉಜ್ಜು, ಬಡಿ ಎಂದು ಅದರ ಅರ್ಥ. ಕನ್ನಡದ ಘಟ್ಟಿಸು ಅಲ್ಲಿಂದ ಬಂದದ್ದು. ದೋಣಿ ಬಂದು ತಾಗುವ ಜಾಗ ಘಟ್ಟ ಎಂದು ಅರ್ಥ ಹೊಂದಿಸಬಹುದು. ಮೇಲೆ ಹೇಳಿದ ಧಕ್ಕೆಯ ಕಥೆ ಗೊತ್ತಿದ್ದರೆ ಇದು ತೀರ ಅಸಂಬದ್ಧವೂ ಅಲ್ಲ.

ಇನ್ನೊಂದು ಪಕ್ಷ ದ್ರಾವಿಡದ ಕಡೆ ಕೈ ತೋರಿಸುತ್ತದೆ. ಕನ್ನಡದ ಕಟ್ಟು, ಕಟ್ಟೆ, ಕಟ್ಟ, ತೆಲುಗಿನ ಕಟ್ಟ, ಗಟ್ಟು, ತಮಿಳಿನ ಕಟ್ಟು. ಎಲ್ಲವೂ ಕಟ್ಟಿದ್ದು, ಏರಿಸಿದ್ದು, ದಂಡೆ, ಏರಿ ಎಂಬ ಅರ್ಥಗಳ ಸುತ್ತ ತಿರುಗುತ್ತವೆ. ನೀರನ್ನೂ ನೆಲವನ್ನೂ ಬೇರ್ಪಡಿಸುವ ಕಟ್ಟೆಯೇ ಉತ್ತರಕ್ಕೆ ಹೋಗಿ ಘಟ್ಟವಾಯಿತು ಎಂಬುದು ಈ ಪಕ್ಷದ ವಾದ. ನನ್ನ ಮನಸ್ಸು ವಾಲುವುದು ಈ ಕಡೆಗೆ. ನಮ್ಮ ಭಾಷೆ ಎಂಬ ಅಭಿಮಾನ ಅದಕ್ಕೆ ಕಾರಣವಲ್ಲ. ಕಟ್ಟೆಯ ಬಳಗ ನಮ್ಮಲ್ಲಿ ದಟ್ಟವಾಗಿದೆ, ಅರಳಿಕಟ್ಟೆಯಿಂದ ಅಣೆಕಟ್ಟಿನವರೆಗೆ. ಘಟ್ಟ್ ಧಾತುವಿನಿಂದ ‘ಇಳಿಯುವ ಜಾಗ’ಕ್ಕೆ ಬರಲು ಮಾತ್ರ ಒಂದು ಕಥೆ ಕಟ್ಟಲೇಬೇಕಾಗುತ್ತದೆ.

ಘಟ್ಟ ತಡವಾಗಿ ಬಂದದ್ದಾದರೆ ವೇದದ ಕಾಲದವರು ನೀರಿಗೆ ಇಳಿಯುವ ಜಾಗವನ್ನು ಏನೆನ್ನುತ್ತಿದ್ದರು?

ತೀರ್ಥ ಎನ್ನುತ್ತಿದ್ದರು. ಋಗ್ವೇದದಲ್ಲೇ ಈ ಪದ ಇದೆ. ‘ತೄ’ ಎಂದರೆ ದಾಟು. ತೀರ್ಥ ಎಂದರೆ ದಾಟುವ ಜಾಗ, ಹೊಳೆಯಲ್ಲಿ ಕಾಲು ನೆಲಕ್ಕೆ ಸಿಗುವ ಕಡೆ, ದನಕ್ಕೆ ನೀರು ಕುಡಿಸುವ ಕಡೆ. ಪುಣ್ಯ ಆಮೇಲೆ ಸೇರಿಕೊಂಡಿತು. ಕಡವಿಗೂ ತೀರ್ಥಕ್ಕೂ ರಕ್ತಸಂಬಂಧ ಇಲ್ಲ, ಆದರೆ ಎರಡು ಭಾಷೆಗಳೂ ‘ದಾಟು’ವಿನಿಂದಲೇ ಜಾಗದ ಹೆಸರನ್ನು ಮಾಡಿಕೊಂಡಿವೆ.

ಅಮರಕೋಶಕಾರ ತೀರ್ಥಕ್ಕೆ ನೀರಿನ ತಾಣ, ಶಾಸ್ತ್ರ, ಋಷಿಗಳು ಸೇವಿಸಿದ ಜಲ, ಗುರು ಎಂದು ಒಂದೇ ಸಾಲಿನಲ್ಲಿ ನಾಲ್ಕು ಅರ್ಥ ಕೊಡುತ್ತಾನೆ. ಗುರು ಹೇಗೆ ಬಂದ? ದಾಟಿಸುವವನೂ ತೀರ್ಥವೇ. ಒಂದೇ ಗುರುವಿನ ಬಳಿ ಓದಿದವರನ್ನು ಸತೀರ್ಥರು ಎನ್ನುವುದು ಅದಕ್ಕೇ. ಸಂಸಾರ ದಾಟಲು ದಾರಿ ಮಾಡಿಕೊಟ್ಟವರನ್ನು ಜೈನರು ತೀರ್ಥಂಕರರು ಎಂದರು. ಮಧ್ವಾಚಾರ್ಯರ ಇನ್ನೊಂದು ಹೆಸರು ಆನಂದತೀರ್ಥ.

ಕನ್ನಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆವು. ಜಾಗದ ಹೆಸರನ್ನು ನೀರಿಗೇ ಇಟ್ಟೆವು. ದೇವಸ್ಥಾನದಲ್ಲಿ ಅಂಗೈ ಬಟ್ಟಲು ಮಾಡಿ ‘ತೀರ್ಥ ಕೊಡಿ’ ಎನ್ನುವಾಗ ಹೊಳೆ ದಾಟುವ ಜಾಗವನ್ನು ಉದ್ಧರಣೆಯಲ್ಲಿ ಹಾಕಿ ಕೊಡಿ ಎಂದು ಕೇಳಿದಂತಾಯಿತು. ತುಂಗೆಯ ದಂಡೆಯ ತೀರ್ಥಹಳ್ಳಿಯಲ್ಲಿ ಮಾತ್ರ ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ಬಂಡೆಯ ಮೇಲೆ ನಿಂತಿವೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಅಲ್ಲಿ ಮುಳುಗು ಹಾಕುವುದು ರಾಮತೀರ್ಥದಲ್ಲಿ.

‘ಘಟ್ಟಕುಟೀ ಪ್ರಭಾತ ನ್ಯಾಯ’ ಎಂದು ಪಂಡಿತರೊಬ್ಬರು ಭಾಷಣದಲ್ಲಿ ಹೇಳಿದರು. ಏನದು?

ಸುಂಕ ತಪ್ಪಿಸಲು ಹೋದವನ ಕಥೆ. ನ್ಯಾಯ ಎಂದರೆ ಇಲ್ಲಿ ವಾದದಲ್ಲಿ ಕೊಡುವ ದೃಷ್ಟಾಂತ. ವ್ಯಾಪಾರಿಯೊಬ್ಬ ಘಟ್ಟದ ಸುಂಕದ ಗುಡಿಸಲನ್ನು ತಪ್ಪಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಕಾಡುದಾರಿಯಲ್ಲಿ ಅಲೆದ. ದಾರಿ ತಪ್ಪಿತು. ಬೆಳಕು ಹರಿದಾಗ ಕಣ್ಣುಜ್ಜಿ ನೋಡಿದರೆ ಅದೇ ಸುಂಕದ ಗುಡಿಸಲಿನ ಮುಂದೆ ನಿಂತಿದ್ದ. ಒಪ್ಪಲೊಲ್ಲದ ಮಾತನ್ನು ತಪ್ಪಿಸಲು ಹೋಗಿ ಕೊನೆಗೆ ಅದನ್ನೇ ಒಪ್ಪಿಕೊಳ್ಳುವ ವಾದಿಯನ್ನು ಹಂಗಿಸಲು ಶಾಸ್ತ್ರಕಾರರು ಈ ನ್ಯಾಯವನ್ನು ಬಳಸುತ್ತಾರೆ. ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ?

ಪದದ ಚರಿತ್ರೆಗೆ ಈ ಪುಟ್ಟ ಕಥೆ ಮುಖ್ಯ ಸಾಕ್ಷಿ. ಘಟ್ಟ ಎಂದಾಗ ಕಥೆ ಹೇಳಿದವನ ಮನಸ್ಸಿನಲ್ಲಿ ಸ್ನಾನವೂ ಇರಲಿಲ್ಲ, ಪುಣ್ಯವೂ ಇರಲಿಲ್ಲ. ಎಲ್ಲರೂ ಹಾದುಹೋಗಲೇಬೇಕಾದ ಇಕ್ಕಟ್ಟು ಇತ್ತು, ಅಲ್ಲಿ ಕೈ ಚಾಚಿ ಕುಳಿತ ಅಧಿಕಾರಿ ಇದ್ದ. ಕನ್ನಡದಲ್ಲೂ ಅದೇ ಜೋಡಿ ಕಾಣುತ್ತದೆ. ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಸುಂಕವೂ ಕಟ್ಟೆಯೂ ಒಟ್ಟಿಗೆ ಕುಳಿತಿವೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಸುಂಕಸಾಲೆ ಎಂಬ ಊರೇ ಇದೆ.

ಹಂಪಿಯ ತಳವಾರಘಟ್ಟದ ಘಟ್ಟ ನದಿಯದ್ದೋ ಬೆಟ್ಟದ್ದೋ?

ನದಿಯದ್ದು. ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುವ ಜಾಗ ಅದು. ತಳವಾರ ಎಂದರೆ ಕಾವಲುಗಾರ. ಕಾವಲಿನವನ ಹೆಸರು ಹೊತ್ತ ಘಟ್ಟ, ಅದರ ಹಿಂದೆಯೇ ನಗರದ ಕೋಟೆಯ ಹೆಬ್ಬಾಗಿಲು. ಘಟ್ಟಕುಟಿಯ ಕಥೆ ಓದಿಕೊಂಡು ಅಲ್ಲಿ ನಿಂತರೆ ಎಲ್ಲ ಹೊಂದಿಕೊಳ್ಳುತ್ತದೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಆನೆಗೊಂದಿಯ ಕಡೆಗೆ ದಾಟುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು ಎಂದು ಬರೆದಿದ್ದಾನೆ. ನಮ್ಮ ಹರಿಗೋಲೇ ಅದು. ಹರಿಗೋಲಿಗೆ ಮೆಟ್ಟಿಲು ಬೇಡ, ಕಟ್ಟೆ ಬೇಡ. ಬಂಡೆಯ ಇಳಿಜಾರು ಸಾಕು. ದಡ ಸೇರಿದ ಕೂಡಲೇ ಅಂಬಿಗ ಒಂದು ಕಾಲನ್ನು ಬಂಡೆಯ ಮೇಲೂ ಇನ್ನೊಂದನ್ನು ಹರಿಗೋಲಿನ ಅಂಚಿನ ಮೇಲೂ ಊರಿ ನಿಲ್ಲುತ್ತಾನೆ. ನೀವು ಇಳಿಯುವಷ್ಟು ಹೊತ್ತು ಘಟ್ಟವನ್ನೂ ನೀರನ್ನೂ ಜೋಡಿಸಿ ಹಿಡಿದಿರುವುದು ಅವನ ಎರಡು ಕಾಲು.

## ಇನ್ನೂ ಆಳಕ್ಕೆ

ನೀರಿನ ದಂಡೆಯ ಪದ ಬೆಟ್ಟಕ್ಕೆ ಹೇಗೆ ಹತ್ತಿತು?

ಹತ್ತಿದ್ದು ಬೆಟ್ಟಕ್ಕಲ್ಲ, ಬೆಟ್ಟದ ದಾರಿಗೆ. ನಾವು ಬಳಸುವ ಕ್ರಿಯಾಪದಗಳನ್ನೇ ಗಮನಿಸಿ. ಹೊಳೆ ಹಾಯುತ್ತೇವೆ, ಘಟ್ಟವನ್ನೂ ಹಾಯುತ್ತೇವೆ. ಮೀಯಲು ಘಟ್ಟಕ್ಕೆ ಇಳಿಯುತ್ತೇವೆ, ಉಡುಪಿಗೆ ಹೋಗಲು ಘಟ್ಟ ಇಳಿಯುತ್ತೇವೆ. ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಇಳಿದು ಉಪ್ಪು ಹೇರಿಕೊಂಡು ಹತ್ತುತ್ತಿದ್ದವನಿಗೆ ತುಂಬಿದ ಹೊಳೆಯೂ ಕಡಿದಾದ ಬೆಟ್ಟವೂ ಒಂದೇ ಬಗೆಯ ತೊಡಕು. ಎಲ್ಲಿ ಬೇಕಾದರೂ ದಾಟಲಾಗದು, ಗೊತ್ತಾದ ಜಾಗದಲ್ಲೇ ದಾಟಬೇಕು, ಅಲ್ಲಿ ನಿಲ್ಲಬೇಕು, ಸುಂಕ ಕೊಡಬೇಕು. ಆ ಗೊತ್ತಾದ ಜಾಗವೇ ಘಟ್ಟ. ನೀರೋ ಕಲ್ಲೋ ಎಂಬುದು ಎರಡನೆಯ ಮಾತು. ಮೆಟ್ಟಿಲುಗಳಂತೆ ಕಾಣುತ್ತದೆ ಎಂಬ ಕಾರಣಕ್ಕೆ ಬೆಟ್ಟಸಾಲಿಗೆ ಆ ಹೆಸರು ಬಂತು ಎಂಬ ವಿವರಣೆಯನ್ನು ನೀವೂ ಓದಿರಬಹುದು. ದೂರದಿಂದ ನೋಡುವವನಿಗೆ ಹೊಳೆಯುವ ವಿವರಣೆ ಅದು, ಹತ್ತಿ ಇಳಿಯುವವನಿಗಲ್ಲ.

ಹಾಗಾದರೆ ‘ಪಶ್ಚಿಮ ಘಟ್ಟ’ ಎಂಬ ಹೆಸರು ಬಿಳಿಯರ ತಪ್ಪೇ?

ತಪ್ಪಿನಿಂದ ಶುರುವಾಗಿ ಗಟ್ಟಿಯಾದ ಹೆಸರು. ಕರಾವಳಿಯಲ್ಲಿ ಇಳಿದ ಯುರೋಪಿನವರು ಒಳನಾಡಿಗೆ ಹೋಗುವ ದಾರಿಗಳನ್ನು ಜನ ಘಟ್ಟ, ಘಾಟ್ ಎನ್ನುವುದನ್ನು ಕೇಳಿಸಿಕೊಂಡು ಇಡೀ ಬೆಟ್ಟಸಾಲಿಗೇ ಆ ಹೆಸರಿಟ್ಟರು. ಸಾಲಿಗೆ ಸಹ್ಯಾದ್ರಿ ಎಂಬ ಹೆಸರು ಮೊದಲೇ ಇತ್ತು. ಆಮೇಲೆ ಪೂರ್ವದಲ್ಲೂ ಒಂದು ಸಾಲು ಕಂಡಿತು, ಅದೂ ಘಟ್ಟವಾಯಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಈ ಹೆಸರಿನಲ್ಲೇ. ಇಷ್ಟಾದರೂ ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಎಂಬ ನಮ್ಮ ಮಾತು ಯಾವ ಬಿಳಿಯನಿಂದಲೂ ಬಂದದ್ದಲ್ಲ. ಅಲ್ಲಿ ಘಟ್ಟ ಇನ್ನೂ ದಾಟುವ ಗೆರೆಯೇ, ಹೆಣ್ಣು ಕೊಡುವಾಗ ಎರಡು ಸಲ ಯೋಚಿಸುವಂತೆ ಮಾಡುತ್ತಿದ್ದ ಗೆರೆ.

ನಾನು ಶಿಡ್ಲಘಟ್ಟದವನು. ನಮ್ಮಲ್ಲಿ ಹೊಳೆಯೂ ಇಲ್ಲ, ಘಾಟಿಯೂ ಇಲ್ಲ. ನಮ್ಮದು ಯಾವ ಘಟ್ಟ?

ನಿಮ್ಮದು ಬಹುಶಃ ಘಟ್ಟವೇ ಅಲ್ಲ, ಕಟ್ಟ! ಹಳೆಗನ್ನಡದಲ್ಲಿ ಕಟ್ಟ ಎಂದರೆ ನೀರಿಗೆ ಅಡ್ಡ ಕಟ್ಟಿದ ಏರಿ, ಕೆರೆ. ಸಮಾಸದಲ್ಲಿ ಉತ್ತರಪದದ ಮೊದಲ ಕಕಾರ ಗಕಾರವಾಗುವುದು ಶಾಲೆಯಲ್ಲಿ ಕಲಿತ ಆದೇಶ ಸಂಧಿ: ಮಳೆ ಮತ್ತು ಕಾಲ ಸೇರಿ ಮಳೆಗಾಲ. ಹಾಗೆಯೇ ಕಟ್ಟ ಗಟ್ಟವಾಗುತ್ತದೆ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಇಲ್ಲ. ‘ಗ’ವನ್ನು ‘ಘ’ ಮಾಡಿದ್ದು ಆಮೇಲೆ ಬರೆದವರ ಕೈವಾಡ. ಬಯಲುಸೀಮೆಯ ಕೆರೆನಾಡಿನಲ್ಲಿ ಘಟ್ಟದಿಂದ ಕೊನೆಯಾಗುವ ಊರುಗಳು ಹೆಚ್ಚಾಗಿರುವುದಕ್ಕೆ ನನಗೆ ಕಾಣುವ ಸಮಾಧಾನ ಇದು. ನಿಮ್ಮ ಊರಿನ ಹಳೆಯ ಕೆರೆಯ ಏರಿ ಎಲ್ಲಿದೆ ನೋಡಿಬನ್ನಿ. ಬನ್ನೇರುಘಟ್ಟದವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಬೆಟ್ಟವೂ ಇರುವುದರಿಂದ ಜಗಳ ಬೇಗ ಮುಗಿಯುವುದಿಲ್ಲ.

ಕಾಶಿಯಲ್ಲಿ ಕರ್ನಾಟಕದ ಘಾಟ್ ಇದೆ ಎಂದು ಅತ್ತೆ ಹೇಳುತ್ತಾರೆ. ನಿಜವೇ?

ಅತ್ತೆಯ ಮಾತು ನಿಜ. ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟ್ ನಡುವೆ ಇದೆ, ಮೈಸೂರು ಸಂಸ್ಥಾನದ ಕಾಲದ್ದು.

ಎಲ್ಲ ಕಡೆ ಸೇತುವೆ ಆಗುತ್ತಿದೆ. ಇನ್ನು ಘಟ್ಟ, ಕಡವು, ಹೊಳೆಬಾಗಿಲು ಎಂಬ ಪದಗಳು ಯಾರಿಗೆ ಬೇಕು?

ಶರಾವತಿ ಹಿನ್ನೀರಿನ ಉದಾಹರಣೆ ತೆಗೆದುಕೊಳ್ಳೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಹರಡಿದ ಮೇಲೆ ತುಮರಿಯ ಸುತ್ತಲಿನ ಊರುಗಳು ಸಾಗರ ಪಟ್ಟಣದಿಂದ ಕತ್ತರಿಸಿಹೋದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುವ ಲಾಂಚಿಗಾಗಿ ಜನ ಹೊಳೆಬಾಗಿಲಿನಲ್ಲಿ ಕಾಯತೊಡಗಿದರು. ಅಂದರೆ ಅಲ್ಲಿನ ಈ ಕಾಯುವ ಬಾಗಿಲು ತೆರೆದದ್ದು ನಿನ್ನೆ ಮೊನ್ನೆ. ಪುರಾಣದ ಕಾಲದಿಂದ ಇದ್ದದ್ದಲ್ಲ. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ದಡವೂ ಕೆಳಗೆ ಸರಿಯುತ್ತಿತ್ತು. ಮಳೆಗಾಲದಲ್ಲಿ ಲಾಂಚ್ ತಾಗುತ್ತಿದ್ದ ಜಾಗದಿಂದ ಬಿರಿದ ಕೆಸರಿನ ಮೇಲೆ ಎಷ್ಟೋ ಹೆಜ್ಜೆ ಇಳಿದು ಹೋಗಬೇಕಾಗುತ್ತಿತ್ತು. ನೀರು ತೀರ ತಗ್ಗಿದರೆ ವಾಹನಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಸಿಗಂದೂರಿಗೆ ಹೊರಟವರು, ಹೆರಿಗೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು ಎಲ್ಲರೂ ಅದೇ ಬಾಗಿಲಲ್ಲಿ ನಿಂತವರು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಈಗ ಬಸ್ಸು ನಿಲ್ಲದೆ ದಾಟುತ್ತದೆ.

ಆರು ದಶಕ ಕಾದವರ ಮುಂದೆ ಪದ ಉಳಿಯಲಿ ಎಂದು ಗೋಗರೆಯುವಷ್ಟು ಭಂಡತನ ನನಗಿಲ್ಲ. ಆದರೆ ಅಲ್ಲಿಯ ಹಿರಿಯರೊಬ್ಬರು ಸೇತುವೆ ಆದಮೇಲೆ ಹೇಳಿದ ಮಾತು ಕೇಳಿ: ‘ಮೊದಲು ಹೊಳೆಬಾಗಿಲಿನಲ್ಲಿ ಸಿಕ್ಕಿ ಮಾತನಾಡಿಸುತ್ತಿದ್ದವರು ಈಗ ಎದುರು ಬಸ್ಸಿನ ಕಿಟಕಿಯಲ್ಲಿ ಕೈ ಬೀಸುತ್ತಾರೆ.’